‘ಬರೆದು ಕೊಡಿ ಸಾರ್’: ಧರಣಿಗೆ ಹೊರಡುವ ಮುನ್ನ ತಿಳಿದಿರಬೇಕಾದದ್ದು

2019ರ ಡಿಸೆಂಬರ್ 18ರ ರಾತ್ರಿ ಬೆಂಗಳೂರಿನ ಟಿವಿಗಳಲ್ಲೆಲ್ಲ ಒಂದೇ ಸುದ್ದಿ. ಮರುದಿನ ಬೆಳಿಗ್ಗೆ ಆರರಿಂದ ಮೂರು ದಿನ ನಗರದಲ್ಲಿ ನಿಷೇಧಾಜ್ಞೆ! ಪೌರತ್ವ ತಿದ್ದುಪಡಿ ಕಾಯ್ದೆಯನ್ನು ವಿರೋಧಿಸಿ ಸೇರಬೇಕಿದ್ದ ಸಭೆಗಳಿಗೆ ಮೊದಲೇ ಸಿಕ್ಕಿದ್ದ ಅನುಮತಿಯೂ ರದ್ದಾಯಿತು. ಆದರೂ ಬೆಳಿಗ್ಗೆ ಜನ ಟೌನ್‌ಹಾಲ್ ಮುಂದೆ ಬಂದರು. ಬಂದವರನ್ನು ಬಂದಂತೆ ಪೊಲೀಸರು ಬಸ್ಸು ಹತ್ತಿಸಿದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಕ್ಯಾಮೆರಾ ಮುಂದೆ ಮಾತಾಡುತ್ತಿದ್ದಾಗಲೇ ಕರೆದೊಯ್ದದ್ದನ್ನು ಇಡೀ ದೇಶ ನೋಡಿತು.

ಆ ದಿನದ ಎರಡನೆಯ ಅಧ್ಯಾಯ ಅಷ್ಟಾಗಿ ಜನರ ನೆನಪಲ್ಲಿಲ್ಲ. 2020ರ ಫೆಬ್ರುವರಿ 13ರಂದು ಕರ್ನಾಟಕ ಹೈಕೋರ್ಟ್ ಆ ನಿಷೇಧಾಜ್ಞೆ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂದಿತು. ಕೆಳಗಿನ ಅಧಿಕಾರಿಗಳ ವರದಿಯನ್ನು ಪೊಲೀಸ್ ಆಯುಕ್ತರು ಆದೇಶದಲ್ಲಿ ಎತ್ತಿ ಬರೆದಿದ್ದರು. ಆದರೆ ತಾವು ಏನು ಪರಿಶೀಲಿಸಿದೆವು, ಯಾಕೆ ಈ ತೀರ್ಮಾನಕ್ಕೆ ಬಂದೆವು ಎಂಬ ಕಾರಣವೇ ಅದರಲ್ಲಿ ಇರಲಿಲ್ಲ. ಬೀದಿಯಲ್ಲಿ ಬಲವಾಗಿ ಕಂಡ ಆಜ್ಞೆ ಕಾಗದದ ಮೇಲೆ ಬಡಕಲಾಗಿತ್ತು.

ಶಾಂತಿಯುತ ಹೋರಾಟಕ್ಕೆ ಹೊರಡುವವರಿಗೆ ಇದರಲ್ಲೊಂದು ಪಾಠವಿದೆ. ನಮ್ಮ ದೇಶದಲ್ಲಿ ಭಿನ್ನಮತವನ್ನು ಹತ್ತಿಕ್ಕುವ ಕೆಲಸವೂ ಹೆಚ್ಚಾಗಿ ಕಾಗದದ ಮೂಲಕವೇ ನಡೆಯುತ್ತದೆ: ಆದೇಶ, ನೋಟಿಸು, ಎಫ್‌ಐಆರ್, ಮುಚ್ಚಳಿಕೆ. ಆ ಕಾಗದ ಕೇಳಿ ಪಡೆದು, ಓದಿ, ಜೋಪಾನ ಮಾಡಲು ಕಲಿತರೆ ಭಯ ಅರ್ಧಕ್ಕೆ ಇಳಿಯುತ್ತದೆ. ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹಕ್ಕು ಎಲ್ಲಿದೆ, ಎಲ್ಲಿಗೆ ನಿಲ್ಲುತ್ತದೆ

ಸಂವಿಧಾನದ 19(1)(ಎ) ವಿಧಿ ಮಾತಾಡುವ ಹಕ್ಕು ಕೊಟ್ಟರೆ, 19(1)(ಬಿ) ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕು ಕೊಡುತ್ತದೆ. ಸೇರುವ ಹಕ್ಕಿಗೆ ಮಿತಿ ಹಾಕಲು ಸರ್ಕಾರಕ್ಕೆ ಇರುವ ಕಾರಣಗಳು 19(3)ರಲ್ಲಿವೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ ಒಂದು, ಸಾರ್ವಜನಿಕ ಸುವ್ಯವಸ್ಥೆ ಇನ್ನೊಂದು. ಆ ಮಿತಿಯೂ ಸಮಂಜಸವಾಗಿರಬೇಕು. ಮಂತ್ರಿಗೆ ಮುಜುಗರವಾಗುತ್ತದೆ ಎಂಬುದು ಈ ಪಟ್ಟಿಯಲ್ಲಿ ಇಲ್ಲ.

ಸುಪ್ರೀಂ ಕೋರ್ಟ್ ಎರಡೂ ಕಡೆ ತೂಗಿದೆ. ಸಾರ್ವಜನಿಕ ಬೀದಿಯಲ್ಲಿ ಸಭೆಗೆ ಅನುಮತಿ ಕೊಡುವುದೂ ಬಿಡುವುದೂ ಪೊಲೀಸರ ಮರ್ಜಿ ಎಂಬ ನಿಯಮವನ್ನು 1972ರಲ್ಲಿ, ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ, ಒಪ್ಪಲಿಲ್ಲ. ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿಯೇ ಕೂಡದು ಎಂಬ ಸಾರಾಸಗಟು ನಿಷೇಧವನ್ನು 2018ರಲ್ಲಿ ತೆಗೆಸಿತು. ಆದರೆ 2020ರ ಅಕ್ಟೋಬರ್‌ನಲ್ಲಿ, ಶಾಹೀನ್ ಬಾಗ್ ಪ್ರಕರಣದಲ್ಲಿ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಎಂದೂ ಹೇಳಿತು. ಸರ್ಕಾರ ಜಾಗ, ಹೊತ್ತು, ದಾರಿಗಳನ್ನು ಗೊತ್ತುಪಡಿಸಬಹುದು, ಹಕ್ಕನ್ನೇ ಅಳಿಸಿಹಾಕುವಂತಿಲ್ಲ ಎಂಬುದು ಇವೆಲ್ಲದರ ಸಾರ.

ಸರ್ಕಾರಿ ನೌಕರರು ತಮ್ಮ ನಡತೆ ನಿಯಮಗಳನ್ನು ಮೊದಲೇ ಓದಿಕೊಳ್ಳಲಿ. ನೌಕರರಿಗೆ ಶಾಂತಿಯುತ ಪ್ರದರ್ಶನದ ಹಕ್ಕಿದೆ, ಮುಷ್ಕರ ಹೂಡುವ ಮೂಲಭೂತ ಹಕ್ಕು ಇಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ.

ಅನುಮತಿ: ಅರ್ಜಿಯಿಂದ ಸೀಲಿನವರೆಗೆ

ಬೆಂಗಳೂರಿನಲ್ಲಿ 2021ರ ಆದೇಶವೊಂದು ಧರಣಿ, ಪ್ರತಿಭಟನೆಗಳಿಗೆ ಫ್ರೀಡಂ ಪಾರ್ಕ್ ಒಂದನ್ನೇ ಗೊತ್ತುಮಾಡಿದೆ. ಅದು ಹಳೆಯ ಸೆಂಟ್ರಲ್ ಜೈಲಿನ ಆವರಣ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಇಟ್ಟಿದ್ದು ಅಲ್ಲೇ. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ತಿಂಗಳುಗಟ್ಟಲೆ ಸೆರೆಯಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡದ್ದೂ ಆ ಗೋಡೆಗಳ ಕಥೆಯೇ. ಇವತ್ತು ಸರ್ಕಾರವನ್ನು ಪ್ರಶ್ನಿಸಲು ರಾಜಧಾನಿಯಲ್ಲಿ ಗೊತ್ತಾದ ಜಾಗ ಅದೊಂದೇ.

ಬೇರೆ ಊರುಗಳಲ್ಲಿ ತಾಲ್ಲೂಕು ಕಚೇರಿ, ಡಿಸಿ ಕಚೇರಿ, ಊರಿನ ಸರ್ಕಲ್ಲುಗಳೇ ವಾಡಿಕೆಯ ಜಾಗ. ಎಲ್ಲೇ ಆಗಲಿ, ಪೊಲೀಸರಿಗೆ ಕೊಡುವ ಅರ್ಜಿಯಲ್ಲಿ ಇವಿಷ್ಟು ಇರಲಿ:

- ಸಂಘಟಕರ ಹೆಸರು, ಫೋನ್ ನಂಬರು. ಒಬ್ಬರದ್ದೇ ಬೇಡ, ಮೂವರದ್ದಿರಲಿ.
- ದಿನಾಂಕ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು.
- ಜಾಗ. ಮೆರವಣಿಗೆಯಾದರೆ ಯಾವ ರಸ್ತೆಯಿಂದ ಯಾವ ರಸ್ತೆಗೆ.
- ಸೇರಬಹುದಾದ ಜನರ ಅಂದಾಜು. ಐನೂರು ಜನಕ್ಕೆ ಐದು ಸಾವಿರ ಎಂದು ಬರೆದರೆ ಬಂದೋಬಸ್ತೂ ಅಷ್ಟೇ ಹಿಗ್ಗುತ್ತದೆ, ತಕರಾರೂ ಹಿಗ್ಗುತ್ತದೆ.
- ಮೈಕು, ಶಾಮಿಯಾನ, ಕುಡಿಯುವ ನೀರು, ಆಂಬುಲೆನ್ಸ್ ಓಡಾಡಲು ಬಿಡುವ ದಾರಿ.
- ಶಾಂತಿಯುತವಾಗಿ ನಡೆಸುತ್ತೇವೆ, ಇಂತಿಷ್ಟು ಸ್ವಯಂಸೇವಕರು ಇರುತ್ತಾರೆ ಎಂಬ ಮಾತು.

ಮೈಕಿಗೆ ಅನುಮತಿ ಬೇರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಗಲು ರಾತ್ರಿ ಧರಣಿ ಕೂರುವವರನ್ನು ಮೊದಲು ಸಿಕ್ಕಿಸುವ ನಿಯಮ ಇದು.

ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. “ಹೋಗಿ ಯಜಮಾನ್ರೇ, ಸಾಹೇಬ್ರು ನೋಡ್ತಾರೆ” ಎಂದು ಸಾಗಹಾಕಿದರೆ, ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಇಮೇಲ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಇಲ್ಲ ಎಂದರೆ ಜಗಳ ಬೇಡ. “ಆಯ್ತು ಸಾರ್, ಕಾರಣ ಬರೆದು ಕೊಡಿ” ಎನ್ನಿ. ಬಾಯಿಮಾತಿನ ನಿರಾಕರಣೆಯನ್ನು ಕೋರ್ಟಿನ ಮುಂದೆ ಇಡುವುದು ಕಷ್ಟ. ಬರೆದು ಕೊಟ್ಟದ್ದನ್ನು ಪ್ರಶ್ನಿಸಲು ದಾರಿಯಿದೆ. ಇದಕ್ಕೆಲ್ಲ ದಿನಗಳು ಬೇಕು, ಹಾಗಾಗಿ ಹಿಂದಿನ ಸಂಜೆ ಅರ್ಜಿ ಹಿಡಿದು ಓಡಬೇಡಿ.

ನಿಷೇಧಾಜ್ಞೆ ಬಂದರೆ ಏನು ಓದಬೇಕು

ಜನರ ಬಾಯಲ್ಲಿ ಈಗಲೂ ಅದು ‘144 ಸೆಕ್ಷನ್’. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲೆ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 163ನೇ ಕಲಂ. ಆದೇಶದ ಪ್ರತಿ ಸಿಕ್ಕ ಕೂಡಲೇ ನಾಲ್ಕು ವಿಷಯ ನೋಡಿ.

ಒಂದು, ಯಾವ ಘಟನೆ, ಯಾವ ಮಾಹಿತಿ ಆಧರಿಸಿ ಹೊರಡಿಸಿದ್ದು ಎಂದು ಬರೆದಿದೆಯೇ? ಎರಡು, ಎಲ್ಲಿಂದ ಎಲ್ಲಿಯವರೆಗೆ? ಇಡೀ ಜಿಲ್ಲೆಯೇ, ಒಂದು ಠಾಣೆಯ ಸರಹದ್ದೇ? ಮೂರು, ಎಷ್ಟು ದಿನ? ಇಂಥ ಆದೇಶ ಎರಡು ತಿಂಗಳು ಮೀರುವಂತಿಲ್ಲ. ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಆದೇಶ ಮಾಡಬೇಕು, ಅದೂ ಆರು ತಿಂಗಳಿಗಿಂತ ಹೆಚ್ಚಿಲ್ಲ. ನಾಲ್ಕು, ಏನನ್ನು ನಿಷೇಧಿಸಿದೆ? ಐದು ಜನ ಸೇರುವುದನ್ನೇ, ಆಯುಧ ಹಿಡಿಯುವುದನ್ನೇ, ಮೆರವಣಿಗೆಯನ್ನೇ?

ಆದೇಶದಿಂದ ತೊಂದರೆಗೊಳಗಾದ ಯಾರೇ ಆಗಲಿ, ಅದನ್ನು ರದ್ದುಮಾಡಿ ಅಥವಾ ಮಾರ್ಪಡಿಸಿ ಎಂದು ಹೊರಡಿಸಿದ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಹಾಕಬಹುದು. ಅವರು ಬೇಗನೆ ಅಹವಾಲು ಕೇಳಬೇಕು. ತಿರಸ್ಕರಿಸಿದರೆ ಕಾರಣವನ್ನು ಬರೆಯಲೇಬೇಕು. ಹೆಚ್ಚು ಜನ ಬಳಸದ ದಾರಿ ಇದು. 2020ರ ಜನವರಿಯಲ್ಲಿ, ಅನುರಾಧಾ ಭಸಿನ್ ಪ್ರಕರಣದಲ್ಲಿ, ಭಿನ್ನಾಭಿಪ್ರಾಯವನ್ನು ಅಡಗಿಸಲು ಈ ಅಧಿಕಾರವನ್ನು ಬಳಸುವಂತಿಲ್ಲ, ಆದೇಶವನ್ನು ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿರುವುದನ್ನು ಅರ್ಜಿಯಲ್ಲಿ ಉಲ್ಲೇಖಿಸಿ.

ಒಂದು ಎಚ್ಚರಿಕೆ. ಆದೇಶ ತಪ್ಪೆಂದು ನಿಮಗೆ ಅನಿಸಿದರೂ, ಯಾರಾದರೂ ರದ್ದುಮಾಡುವ ತನಕ ಅದು ಜಾರಿಯಲ್ಲೇ ಇರುತ್ತದೆ. ಅದನ್ನು ಮುರಿಯಲು ಹೊರಡುವವರು ಬಂಧನಕ್ಕೆ ಸಿದ್ಧರಾಗಿಯೇ ಹೋಗಬೇಕು. ಮನೆಯವರಿಗೆ ತಿಳಿಸಿ, ವಕೀಲರಿಗೆ ಹೇಳಿ, ಊಟ ಮಾಡಿ ಹೊರಡಿ.

ಕೈಚೀಲ ಮತ್ತು ಫೋನು

ನೀರಿನ ಬಾಟಲಿ, ಬಿಸ್ಕತ್ತು, ಟೋಪಿ ಅಥವಾ ಟವೆಲು, ದಿನನಿತ್ಯದ ಮಾತ್ರೆ ಮತ್ತು ಅದರ ವೈದ್ಯರ ಚೀಟಿ, ಒಂದು ಗುರುತಿನ ಚೀಟಿಯ ನಕಲು, ಸ್ವಲ್ಪ ಚಿಲ್ಲರೆ ದುಡ್ಡು. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಎರಡು ಹೊತ್ತಿನ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ಎರಡು ಫೋನ್ ನಂಬರನ್ನು, ಮನೆಯವರದ್ದು ಮತ್ತು ವಕೀಲರದ್ದು, ಬಾಲ್‌ಪೆನ್ನಿನಲ್ಲಿ ಮುಂಗೈ ಮೇಲೆ ಬರೆದುಕೊಳ್ಳಿ. ಫೋನು ಹೋದರೂ ಅದು ಉಳಿಯುತ್ತದೆ. ಚಾಕು, ಬ್ಲೇಡು, ಬೆಂಕಿಪೊಟ್ಟಣ ಬೇಡ. ಬಾವುಟದ ಕೋಲು ಕೂಡ ತೆಳ್ಳಗಿರಲಿ, ದಪ್ಪ ಬಡಿಗೆ ಎಫ್‌ಐಆರ್‌ನಲ್ಲಿ ‘ಮಾರಕಾಸ್ತ್ರ’ವಾಗಿಬಿಡುತ್ತದೆ.

ಫೋನಿನಲ್ಲಿ ಬೆರಳಚ್ಚಿನ, ಮುಖದ ಲಾಕ್ ತೆಗೆದು ನಂಬರಿನ ಲಾಕ್ ಹಾಕಿ. ಪಾಸ್‌ವರ್ಡ್ ಕೊಡದಿದ್ದರೆ ಪೊಲೀಸರು ತಾವೇ ಒತ್ತಾಯಿಸಿ ತೆಗೆಸುವಂತಿಲ್ಲ, ಕೋರ್ಟಿನಿಂದ ಶೋಧನಾ ವಾರಂಟ್ ತರಬೇಕು ಎಂಬ ದಾರಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ, ವೀರೇಂದ್ರ ಖನ್ನಾ ಪ್ರಕರಣದಲ್ಲಿ, ತೋರಿಸಿದೆ. ಫೋನನ್ನು ಜಪ್ತಿ ಮಾಡಿದರೆ ಜಪ್ತಿ ಪಟ್ಟಿಯ ಪ್ರತಿ ಕೇಳಿ. ಹೊಸ ಸಂಹಿತೆಯ 105ನೇ ಕಲಂ ಶೋಧನೆ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ.

ಇಂಟರ್‌ನೆಟ್ ನಿಲ್ಲಬಹುದು ಎಂಬ ಲೆಕ್ಕ ಇಟ್ಟೇ ಹೊರಡಿ. 2024ರ ನಿಯಮಗಳ ಪ್ರಕಾರ ಸೇವೆ ನಿಲ್ಲಿಸುವ ಆದೇಶವನ್ನು ಕಾರಣಸಹಿತ ಪ್ರಕಟಿಸಬೇಕು. ಒಂದು ಆದೇಶ 15 ದಿನ ಮೀರಬಾರದು. ಆದರೆ ಆ ಹೊತ್ತಿಗೆ ನಿಮಗೆ ಬೇಕಾದ್ದು ನಿಯಮವಲ್ಲ, ಜೊತೆಯವರು ಎಲ್ಲಿದ್ದಾರೆ ಎಂಬ ಸುಳಿವು. ಚದುರಿಹೋದರೆ ಸೇರುವ ಒಂದು ಜಾಗ, ಇಂತಿಷ್ಟು ಹೊತ್ತಿಗೆ, ಎಂದು ಮೊದಲೇ ಮಾತಾಡಿಕೊಳ್ಳಿ. ಹೋಟೆಲು, ಬಸ್‌ಸ್ಟ್ಯಾಂಡಿನ ಗಡಿಯಾರ, ಯಾವುದಾದರೂ ಸರಿ.

ಧರಣಿಯ ಜಾಗದಲ್ಲಿ

ಕೈ ಖಾಲಿ ಇರಬೇಕು ಎಂಬುದಕ್ಕೆ ಗಾಂಧಿಯ ಹೆಸರಷ್ಟೇ ಕಾರಣವಲ್ಲ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ವಿದ್ವಾಂಸರು 1900ರಿಂದ 2006ರವರೆಗಿನ 323 ಚಳವಳಿಗಳನ್ನು ಹೋಲಿಸಿ ನೋಡಿದರು. ಅಹಿಂಸಾತ್ಮಕ ಚಳವಳಿಗಳಲ್ಲಿ ಶೇ 53ರಷ್ಟು ಗೆದ್ದಿದ್ದವು, ಹಿಂಸೆಯ ದಾರಿ ಹಿಡಿದವುಗಳಲ್ಲಿ ಶೇ 26. ಅಜ್ಜಿ, ಬಸುರಿ, ಶಾಲೆಯ ಮೇಷ್ಟ್ರು, ಅಂಗಡಿಯವನು ಎಲ್ಲರೂ ಬರಲು ಆಗುವುದು ಕಲ್ಲು ಹಾರದ ಕಡೆಗೆ ಮಾತ್ರ.

ಕಾನೂನಿನ ಕಾರಣವೂ ಇದೆ. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 189ನೇ ಕಲಂ ಪ್ರಕಾರ ಅಪರಾಧದ ಸಮಾನ ಉದ್ದೇಶವಿಟ್ಟು ಐದು ಅಥವಾ ಹೆಚ್ಚು ಜನ ಸೇರಿದರೆ ಅದು ಅಕ್ರಮ ಕೂಟ. 190ನೇ ಕಲಂ ಅಡಿ ಅದರಲ್ಲಿ ಒಬ್ಬ ಮಾಡಿದ ಅಪರಾಧ ಉಳಿದವರ ತಲೆಗೂ ಬರುತ್ತದೆ. ಹಾಗಾಗಿ ಯಾರೋ ಕಲ್ಲೆತ್ತಿದ ಕ್ಷಣ ನೀವು ಅಲ್ಲಿಂದ ದೂರ ಸರಿಯಬೇಕು. ‘ನಾನು ಸುಮ್ಮನೆ ನಿಂತಿದ್ದೆ’ ಎಂದು ಸಾಬೀತು ಮಾಡಲು ವರ್ಷಗಳು ಹಿಡಿಯುತ್ತವೆ. ಸಾರ್ವಜನಿಕ ಆಸ್ತಿಗೆ ಹಾನಿಯಾದರೆ 1984ರ ಕೇಂದ್ರ ಕಾಯ್ದೆ, 1981ರ ಕರ್ನಾಟಕದ ಕಾಯ್ದೆ ಎರಡೂ ಕಾದಿವೆ.

ಸ್ವಯಂಸೇವಕರಿಗೆ ಒಂದೇ ಬಣ್ಣದ ಟವೆಲು ಕೊಡಿ. ಐವತ್ತು ಜನಕ್ಕೆ ಒಬ್ಬರಾದರೂ ಇರಲಿ. ಇಬ್ಬರು ದೂರದಿಂದ, ಕಾರ್ಯಕ್ರಮ ಶುರುವಾದಾಗಿನಿಂದ ಮುಗಿಯುವವರೆಗೆ, ನಿರಂತರ ವಿಡಿಯೊ ಮಾಡಲಿ. ತುಂಡು ತುಂಡಾದ ವಿಡಿಯೊಗಿಂತ ಇಡೀ ವಿಡಿಯೊಗೆ ಬೆಲೆ ಹೆಚ್ಚು. ಅಪರಿಚಿತನೊಬ್ಬ ಇದ್ದಕ್ಕಿದ್ದಂತೆ “ನುಗ್ರೋ” ಎಂದು ಕೂಗಿದರೆ ಅವನ ಸುತ್ತ ಎಲ್ಲರೂ ಕೂತುಬಿಡಿ. ನಿಂತವನು ಒಬ್ಬನೇ ಕ್ಯಾಮೆರಾಕ್ಕೆ ಕಾಣುತ್ತಾನೆ.

ಚದುರಿ ಎಂದು ಆಜ್ಞೆ ಕೊಡುವ ಅಧಿಕಾರ ಇರುವುದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣಾಧಿಕಾರಿಗೆ, ಅವರಿಲ್ಲದಾಗ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಗೆ. ಯಾರು, ಎಷ್ಟು ಗಂಟೆಗೆ, ಮೈಕಿನಲ್ಲಿ ಎಷ್ಟು ಸಲ ಹೇಳಿದರು ಎಂದು ಒಬ್ಬರು ಡೈರಿಯಲ್ಲಿ ಬರೆದುಕೊಳ್ಳಲಿ.

ಬಸ್ಸು ಹತ್ತಿಸಿದಾಗ

ಬಸ್ಸಿನಲ್ಲಿ ಮಾಡಬೇಕಾದ ಮೊದಲ ಕೆಲಸ, ಎಲ್ಲರ ಹೆಸರನ್ನು ಒಂದು ಹಾಳೆಯಲ್ಲಿ ಬರೆಯುವುದು. ಬಸ್ಸಿನ ನಂಬರು, ಹೊರಟ ಹೊತ್ತು, ಒಯ್ದ ಜಾಗ ಸೇರಿಸಿ, ಅದರ ಫೋಟೊ ತೆಗೆದು ಹೊರಗಿದ್ದವರಿಗೆ ಕಳಿಸಿ.

ಪೊಲೀಸರು ‘ವಶಕ್ಕೆ ಪಡೆದಿದ್ದೇವೆ ಅಷ್ಟೇ’ ಎನ್ನಬಹುದು. “ಯಾವ ಕಲಂ ಅಡಿಯಲ್ಲಿ ಸಾರ್?” ಎಂದು ಮೆಲ್ಲಗೆ ಕೇಳಿ. ಬಿಎನ್‌ಎಸ್‌ಎಸ್‌ನ 170ನೇ ಕಲಂ ಅಡಿಯ ಮುನ್ನೆಚ್ಚರಿಕೆ ಬಂಧನವಾದರೆ 24 ಗಂಟೆ ಮೀರಿ ಇಟ್ಟುಕೊಳ್ಳಲು ಬೇರೆ ಕಾನೂನಿನ ಆಧಾರ ಬೇಕು. ಪೊಲೀಸರ ನಿರ್ದೇಶನ ಪಾಲಿಸದಿದ್ದಕ್ಕೆ 172ನೇ ಕಲಂ ಅಡಿ ಹಿಡಿದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಬೇಕು. ಸಣ್ಣಪುಟ್ಟ ಪ್ರಕರಣವಾದರೆ 24 ಗಂಟೆಯೊಳಗೆ, ಆದಷ್ಟು ಬೇಗ ಬಿಡಬೇಕು.

ಬಂಧನವೇ ಆದರೆ, ನಿಮ್ಮ ಪಾಲಿನ ಪಟ್ಟಿ ಹೀಗಿದೆ:

- ಬಂಧನದ ಕಾರಣ ತಿಳಿಯುವ ಹಕ್ಕು. ಅದನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ, ಲಿಖಿತವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಎಲ್ಲ ಅಪರಾಧಗಳಿಗೂ ಅನ್ವಯಿಸಿ ಹೇಳಿದೆ. ಕನ್ನಡದಲ್ಲಿ ಕೇಳಿ.
- ಬಂಧನದ ಮೆಮೊ. ಅದರಲ್ಲಿ ಸಾಕ್ಷಿಯ ಸಹಿ, ನಿಮ್ಮ ಸಹಿ, ಹೊತ್ತು ಇರಬೇಕು. ಹೊತ್ತು ತಪ್ಪಿದ್ದರೆ ಸರಿಯಾದ ಹೊತ್ತು ಬರೆದೇ ಸಹಿ ಹಾಕಿ.
- ಮನೆಯವರಿಗೆ ಅಥವಾ ಸ್ನೇಹಿತರಿಗೆ ಸುದ್ದಿ ಮುಟ್ಟಿಸುವುದು ಪೊಲೀಸರ ಕರ್ತವ್ಯ.
- ವಿಚಾರಣೆ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು.
- ವೈದ್ಯಕೀಯ ತಪಾಸಣೆ, ಅದರ ವರದಿಯ ಪ್ರತಿ. ಪೆಟ್ಟು ಬಿದ್ದಿದ್ದರೆ ಎಲ್ಲಿ, ಯಾವುದರಿಂದ ಎಂದು ವೈದ್ಯರಿಗೆ ಬಿಡಿಸಿ ಹೇಳಿ.
- ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು. ಇದು ಸಂವಿಧಾನದ 22ನೇ ವಿಧಿಯ ಮಾತು.
- ಮಹಿಳೆಯರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬರಬೇಕು.
- 18 ತುಂಬದವರನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. ವಿದ್ಯಾರ್ಥಿಗಳ ಬಳಿ ವಯಸ್ಸಿನ ದಾಖಲೆಯ ನಕಲು ಇರಲಿ.

ವಕೀಲರಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಅದು ಉಚಿತ ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ. ಪೊಲೀಸ್ ವಶದಲ್ಲಿರುವವರು ಬಡವರೇ ಆಗಿರಬೇಕೆಂದಿಲ್ಲ, ವಶದಲ್ಲಿರುವುದೇ ಉಚಿತ ನೆರವಿಗೆ ಅರ್ಹತೆ. ತಾಲ್ಲೂಕು ಕೋರ್ಟಿನಲ್ಲೂ ಕಾನೂನು ಸೇವೆಗಳ ಸಮಿತಿ ಇರುತ್ತದೆ.

ಖಾಲಿ ಹಾಳೆಗೆ ಸಹಿ ಬೇಡ, ಓದದ ಹಾಳೆಗೂ ಬೇಡ. “ಇನ್ನು ಮುಂದೆ ಇಂಥ ಹೋರಾಟಕ್ಕೆ ಹೋಗುವುದಿಲ್ಲ” ಎಂಬ ಮುಚ್ಚಳಿಕೆ ಮುಂದೆ ಬಂದರೆ, ವಕೀಲರನ್ನು ಕೇಳಿ ಬರೆದುಕೊಡುತ್ತೇನೆ ಎನ್ನಿ. ಶಾಂತಿ ಕಾಪಾಡುವ ಬಾಂಡನ್ನು ಬಿಎನ್‌ಎಸ್‌ಎಸ್‌ನ 126ನೇ ಕಲಂ ಅಡಿ ಕೇಳುವುದಕ್ಕೆ ನೋಟಿಸು, ವಿಚಾರಣೆಗಳ ಕ್ರಮವಿದೆ. ಠಾಣೆಯ ಬೆಂಚಿನ ಮೇಲೆ ಐದು ನಿಮಿಷದಲ್ಲಿ ಮುಗಿಸುವ ಕೆಲಸ ಅದಲ್ಲ.

ಕೇಸು ಬಿದ್ದ ಮೇಲೆ

ಅತಿ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ನಿಮ್ಮ ಹೆಸರಿದೆಯೇ, ‘ಇತರರು’ ಎಂದಿದೆಯೇ ನೋಡಿ. ನಿಷೇಧಾಜ್ಞೆ ಮುರಿದ ಆರೋಪ (ಬಿಎನ್‌ಎಸ್ 223) ಒಂದೇ ಇದ್ದರೆ, ಸಂಬಂಧಪಟ್ಟ ಅಧಿಕಾರಿಯ ಲಿಖಿತ ದೂರಿಲ್ಲದೆ ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಇದನ್ನು ವಕೀಲರ ಗಮನಕ್ಕೆ ತನ್ನಿ. ಹಾಜರಾಗಿ ಎಂಬ ಬಿಎನ್‌ಎಸ್‌ಎಸ್ 35ನೇ ಕಲಂ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಬಂದ ನೋಟಿಸನ್ನು ಅಳಿಸಬೇಡಿ, ವಕೀಲರಿಗೆ ತೋರಿಸಿ.

ರಾಜದ್ರೋಹದ ಹೆಸರು ಕೇಳಿ ಹೆದರುವವರಿಗೆ ಎರಡು ಮಾತು. ಹಳೆಯ 124ಎ ಕಲಮನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಒಬ್ಬರು. ಅವರ ಅರ್ಜಿಯಲ್ಲೇ 2022ರ ಮೇ 11ರಂದು ಆ ಕಲಂ ಅಮಾನತಿಗೆ ಹೋಯಿತು. ಬೀದರ್‌ನಲ್ಲಿ ಮಕ್ಕಳ ನಾಟಕವೊಂದಕ್ಕಾಗಿ ಶಾಲೆಯ ಆಡಳಿತ ಮಂಡಳಿ ಮೇಲೆ 2020ರಲ್ಲಿ ಹಾಕಿದ್ದ ರಾಜದ್ರೋಹದ ಪ್ರಕರಣವನ್ನು 2023ರಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ರದ್ದು ಮಾಡಿತು. ಆದರೆ ಬಿಎನ್‌ಎಸ್‌ನ 152ನೇ ಕಲಂ ಬೇರೆ ಪದಗಳಲ್ಲಿ ಅದೇ ಜಾಗಕ್ಕೆ ಬಂದು ಕೂತಿದೆ. ಅದರ ಹೆಸರೆತ್ತಿದರೆ ಆ ದಿನವೇ ವಕೀಲರನ್ನು ಕಾಣಿ.

“ಮುಂದೆ ನಮ್ಮ ಸರ್ಕಾರ ಬರುತ್ತೆ, ಕೇಸು ವಾಪಸ್ ತೆಗಿಸ್ತೀವಿ” ಎಂಬ ಭರವಸೆ ನಮ್ಮ ರಾಜ್ಯದಲ್ಲಿ ಪ್ರತಿ ಚುನಾವಣೆಗೂ ಸಿಗುತ್ತದೆ. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕೇಸು ಹೋಗುವುದಿಲ್ಲ. ಸರ್ಕಾರಿ ಅಭಿಯೋಜಕರು ತಾವೇ ಯೋಚಿಸಿ ಅರ್ಜಿ ಹಾಕಬೇಕು, ಕೋರ್ಟು ಒಪ್ಪಬೇಕು. 43 ಪ್ರಕರಣಗಳನ್ನು ಹಿಂಪಡೆಯುವ ಸರ್ಕಾರದ ಆದೇಶವನ್ನು ಹೈಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದು ಮಾಡಿದ್ದು ನೆನಪಿರಲಿ. ಹಾಜರಾತಿ ತಪ್ಪಿಸಬೇಡಿ. ವಾಯಿದೆ ತಪ್ಪಿ ವಾರಂಟು ಹೊರಟರೆ, ಧರಣಿಯಲ್ಲಿ ಏನೂ ಮಾಡದವರೂ ತಲೆಮರೆಸಿಕೊಂಡವರ ಪಟ್ಟಿಗೆ ಸೇರುತ್ತಾರೆ.

ಫೈಲು ಮುಚ್ಚಬೇಡಿ

ಕಾಗದ ಲಾಠಿಯನ್ನು ತಡೆಯುವುದಿಲ್ಲ. ಟೌನ್‌ಹಾಲ್ ಮುಂದೆ ಬಸ್ಸು ಹತ್ತಿದವರಿಗೆ ಹೈಕೋರ್ಟಿನ ತೀರ್ಪು ಸಿಕ್ಕಿದ್ದು ಸುಮಾರು ಎರಡು ತಿಂಗಳ ಬಳಿಕ, ಅಷ್ಟರಲ್ಲಿ ಅವರ ಆ ದಿನ ಕಳೆದುಹೋಗಿತ್ತು. ಆದರೆ ಆ ತೀರ್ಪು ಈಗ ಇದೆ. ನಿಷೇಧಾಜ್ಞೆ ಬರೆಯಲು ಕೂರುವ ಮುಂದಿನ ಅಧಿಕಾರಿ ಕಾರಣ ಬರೆಯದೆ ಸಹಿ ಹಾಕಿದರೆ ಅದನ್ನು ತೋರಿಸಬಹುದು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ನಡುವೆ ಸರ್ಕಾರವೇ ಬದಲಾಯಿತು, ಸ್ವಾಧೀನ ನಿಲ್ಲಲಿಲ್ಲ. 2025ರ ಜೂನ್ 25ರ ‘ದೇವನಹಳ್ಳಿ ಚಲೋ’ ದಿನ ಪೊಲೀಸರು ಅವರನ್ನು ಎಬ್ಬಿಸಿ ಒಯ್ದರು. ಅವರು ಫ್ರೀಡಂ ಪಾರ್ಕಿಗೆ ಬಂದು ಮತ್ತೆ ಕೂತರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಹೇಳಿದರು. ಆ ಹೊತ್ತಿಗೆ ಸುಮಾರು 1,200 ದಿನಗಳಾಗಿದ್ದವು.

ಗೆಲುವಿನ ದಿನ ಸಿಹಿ ಹಂಚಿ, ಶಾಮಿಯಾನ ಬಿಚ್ಚುವ ಮೊದಲು ಫೈಲು ಒಮ್ಮೆ ತೆರೆದು ನೋಡಿ. ಭೂಮಿ ಹೋಗುವುದು ಅಧಿಸೂಚನೆಯಿಂದ, ಉಳಿಯುವುದೂ ಅಧಿಸೂಚನೆಯಿಂದಲೇ. ಮಂತ್ರಿ ಮೈಕಿನ ಮುಂದೆ ನಿಂತು ನಿಮ್ಮ ಬೇಡಿಕೆ ಒಪ್ಪಿದೆವು ಎಂದಾಗ ಚಪ್ಪಾಳೆ ತಟ್ಟಿ. ಆಮೇಲೆ ಎದ್ದು, ಠಾಣೆಯಲ್ಲಿ ಕೇಳಿದ ಅದೇ ಮಾತನ್ನು ಅವರನ್ನೂ ಕೇಳಿ: ಬರೆದು ಕೊಡಿ ಸಾರ್.